ಥೆಸಲಿಯ ಮಣ್ಣಿನ ಬೊಂಬೆಗಳು

ಗ್ರೀಸ್ ದೇಶವೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಅಥೆನ್ಸಿನ ಅಮೃತಶಿಲೆಯ ಮಂದಿರ, ಹೋಮರನ ವೀರರು, ಪ್ಲೇಟೋವಿನ ಸಂವಾದಗಳು. ಆದರೆ ಕ್ರಿ. ಪೂ. 447ರಲ್ಲಿ ಪಾರ್ಥೆನಾನ್ ದೇವಾಲಯದ ಕೆಲಸ ಮೊದಲಾಗುವುದಕ್ಕೆ ಸುಮಾರು 6000 ವರ್ಷಗಳ ಹಿಂದೆಯೇ ಆ ನಾಡಿನಲ್ಲಿ ಬೇಸಾಯಗಾರರು ಹಳ್ಳಿಗಳನ್ನು ಕಟ್ಟಿಕೊಂಡಿದ್ದರು. ಅವರಿಗೆ ಲಿಪಿಯಿರಲಿಲ್ಲ. ಮನುಷ್ಯರೂಪವನ್ನು ಅವರು ಹೇಗೆ ಕಂಡರೆಂಬುದಕ್ಕೆ ಉಳಿದಿರುವ ಮುಖ್ಯ ಸಾಕ್ಷಿಯೆಂದರೆ, ಬಹುಮಟ್ಟಿಗೆ ಅಂಗೈಯಲ್ಲಿ ಅಡಗುವ ಮಣ್ಣಿನ ಬೊಂಬೆಗಳು. ಆ ಮೂಕಸಾಕ್ಷಿಗಳನ್ನು ನಾವು ಮಾತನಾಡಿಸುವ ಬಗೆ ಯಾವುದು? ಇದೇ ಈ ಹೊತ್ತಿನ ವಿಚಾರ.

ಇಂಥ ಬೊಂಬೆಗಳು ವಿಪುಲವಾಗಿ ದೊರೆತಿರುವುದು ಥೆಸಲಿಯ ಬಯಲಿನಲ್ಲಿ. ಅಲ್ಲಿ ಮಣ್ಣಿನ ಮನೆ ಬಿದ್ದ ಕಡೆಯಲ್ಲಿಯೇ ಮತ್ತೊಂದು ಮನೆಯೆದ್ದು, ತಲೆಮಾರುಗಳು ಕಳೆದಂತೆ ಊರು ದಿಬ್ಬವಾಗುತ್ತಿತ್ತು. ಆ ದಿಬ್ಬಗಳಿಗೆ ಜನರು 'ಮಗೂಲ' ಎನ್ನುತ್ತಾರೆ. ವೋಲೊಸ್ ಪಟ್ಟಣಕ್ಕೆ ಸಮೀಪದ ಸೆಸ್ಕ್ಲೊ ಎಂಬಲ್ಲಿ ಕ್ರಿಸ್ಟೋಸ್ ತ್ಸೂಂಟಾಸ್ ಎಂಬ ಗ್ರೀಕ್ ವಿದ್ವಾಂಸರು 1901-02ರಲ್ಲಿ ಅಗೆಯಿಸಿ, 1908ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮಗುವನ್ನು ತೋಳಿನಲ್ಲಿ ಹಿಡಿದು ಪೀಠದ ಮೇಲೆ ಕುಳಿತಿರುವ, ಮೈತುಂಬ ರೇಖೆಗಳ ಬಣ್ಣದ ಚಿತ್ತಾರವಿರುವ ತಾಯಿಯ ಮೂರ್ತಿ ಸೆಸ್ಕ್ಲೊವಿನದೇ. ಅದೀಗ ಅಥೆನ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಇಂಥ ಮೂರ್ತಿಯನ್ನು ಕಂಡೊಡನೆ 'ಇವಳು ಮಾತೃದೇವತೆ' ಎಂದುಬಿಡುವುದು ಸುಲಭ. ಥೆಸಲಿಯ ಅಖಿಲೆಯಾನ್ ಎಂಬ ನೆಲೆಯನ್ನು 1973-74ರಲ್ಲಿ ಅಗೆಯಿಸಿದ ಮರಿಯಾ ಗಿಂಬುಟಾಸ್ ಎಂಬ ವಿದುಷಿ ಈ ಪಕ್ಷವನ್ನು ಬಲವಾಗಿ ಮಂಡಿಸಿದರು. ಅವರಿಗಿಂತ ಮುಂಚೆಯೇ, 1968ರಲ್ಲಿ, ಪೀಟರ್ ಅಕೊ ಎಂಬುವರು ಕ್ರೀಟ್ ದ್ವೀಪದ ಬೊಂಬೆಗಳನ್ನು ಪರಿಶೀಲಿಸಿ ಸಂದೇಹವನ್ನೆತ್ತಿದ್ದರು. ಸ್ತ್ರೀರೂಪಗಳು ಹೆಚ್ಚೆಂಬುದು ದಿಟ. ಆದರೆ ಪುರುಷರೂಪಗಳೂ ಉಂಟು, ಗಂಡೋ ಹೆಣ್ಣೋ ತಿಳಿಯದವೂ ಉಂಟು, ಪ್ರಾಣಿಗಳೂ ಉಂಟು. ಎಷ್ಟೋ ಬೊಂಬೆಗಳು ಮುರಿದು ಕಸದೊಡನೆ ದೊರೆತಿವೆ. ಹೀಗಿರುವಾಗ ಎಲ್ಲಕ್ಕೂ ಒಂದೇ ಹೆಸರು ಹೇಗೆ ಸಲ್ಲುವುದು?

ಈ ಸಂದರ್ಭದಲ್ಲಿ ಪ್ಲಾಟಿಯಾ ಮಗೂಲ ಜಾರ್ಕು ಎಂಬ ದಿಬ್ಬದ ಶೋಧವು ನಮಗೆ ದಾರಿದೀಪವಾಗಿದೆ. ಅಲ್ಲಿ ಕೋಸ್ಟಾಸ್ ಗಾಲಿಸ್ ಎಂಬ ಶೋಧಕರಿಗೆ ಒಂದು ಮನೆಯ ನೆಲದಡಿಯಲ್ಲಿ ಹುಗಿದಿಟ್ಟ ಪುಟ್ಟ ಮಣ್ಣಿನ ಮನೆಯೊಂದು ದೊರೆಯಿತು. ಅದಕ್ಕೆ ಮಾಡು ಇಲ್ಲ, ಒಳಗೆ ಒಲೆಯುಂಟು, ಒಲೆಯಿರುವ ಆ ಮನೆಯಲ್ಲಿ ಚಿಕ್ಕವೂ ದೊಡ್ಡವೂ ಸೇರಿ ಎಂಟು ಬೊಂಬೆಗಳು! ಇದು ಮನೆ ಕಟ್ಟುವಾಗ ನೆಲದಲ್ಲಿಟ್ಟ ಕಾಣಿಕೆಯೆಂದೂ, ಬೊಂಬೆಗಳು ಒಂದು ಕುಟುಂಬದ ಹಲವು ತಲೆಮಾರಿನವರೆಂದೂ ಗಾಲಿಸ್ 1985ರಲ್ಲಿ ಬರೆದರು. ಇದು ಊಹೆಯೇ ಆದರೂ ಆಧಾರವುಳ್ಳ ಊಹೆ.

ನಾವು ಯೋಚಿಸಬೇಕಾದುದು ಇಷ್ಟು. ಆ ಎಂಟನ್ನು ನಿಧಿಗಳ್ಳನೊಬ್ಬನು ರಾತ್ರಿಯಲ್ಲಿ ಕಿತ್ತು ಎಂಟು ಕಡೆ ಮಾರಿದ್ದರೆ ಏನಾಗುತ್ತಿತ್ತು? ಎಂಟು ಗಾಜಿನ ಪೆಟ್ಟಿಗೆಗಳಲ್ಲಿ ಎಂಟು 'ದೇವತೆಗಳು' ನಿಲ್ಲುತ್ತಿದ್ದವು. ಬೊಂಬೆಗಳು ಅವೇ, ಒಂದು ಚೂರೂ ಮುಕ್ಕಾಗಿರುತ್ತಿರಲಿಲ್ಲ, ಆದರೆ ಸಂಸಾರ ಮಾತ್ರ ಅಳಿದುಹೋಗುತ್ತಿತ್ತು. ಬರೆಹ ಬಲ್ಲವರು ತಮ್ಮ ಮಾತನ್ನು ಶಿಲೆಯಲ್ಲಿಯೋ ಓಲೆಯಲ್ಲಿಯೋ ಬಿಟ್ಟುಹೋಗುತ್ತಾರೆ. ಬರೆಹವಿಲ್ಲದವರ ಮಾತು ವಸ್ತುವಿನಲ್ಲಿ ಅರ್ಧ, ಅದು ಮಲಗಿದ್ದ ಮಣ್ಣಿನಲ್ಲಿ ಅರ್ಧ. ಆದುದರಿಂದ ಪ್ರಾಚೀನ ವಸ್ತುವನ್ನು ಅದರ ನೆಲೆಯಿಂದ ಕೀಳುವವನು ಕದಿಯುವುದು ಬೊಂಬೆಯೊಂದನ್ನೇ ಅಲ್ಲ. ಏಳು ಸಾವಿರ ವರ್ಷ ಕಾದು ನಿಂತಿದ್ದ ಒಂದು ಮಾತನ್ನು ಅವನು ನಡುವೆಯೇ ತಡೆದುಬಿಡುತ್ತಾನೆ.