ನಮ್ಮೂರ ದ್ರೌಪದಿ ಮತ್ತು ಪೊಲೀಸ್ ಠಾಣೆ

ನಮ್ಮೂರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಊರಹಬ್ಬಕ್ಕೆ 'ಕುರುಕ್ಷೇತ್ರ' ನಾಟಕ ಆಡಿದ್ದರು. ದ್ರೌಪದಿ ಪಾತ್ರ ನಮ್ಮೂರ ಅಣ್ಣನೊಬ್ಬನದು. ಅವನು ಸೀರೆ ಉಟ್ಟು ಹಾಡಿದರೆ ಅಜ್ಜಿಯರು ಕಣ್ಣೊರೆಸಿಕೊಂಡರು, ಗಂಡಸರು ನೋಟಿನ ಹಾರ ಹಾಕಿದರು. ಮಾರನೇ ದಿನ ಅದೇ ಜನ ಅವನ ನಡಿಗೆ ನೋಡಿ ಶಿಳ್ಳೆ ಹೊಡೆದರು. ನಾವು ಹುಡುಗರೂ ಹೊಡೆದ್ವಿ. ಒಂದಿನ ಅವನು ಬೆಂಗಳೂರು ಬಸ್ ಹತ್ತಿದ. ವಾಪಸ್ ಬರಲಿಲ್ಲ.

ಬಿಇ ಮುಗಿಸಿ ನಾನೂ ಅದೇ ಬಸ್ ಹತ್ತಿದೆ. ನನಗೆ ಕೆಲಸ ಸಿಕ್ತು. ಅವನಂಥವರಿಗೆ ಈ ಬೆಂಗಳೂರು ಏನು ಕೊಟ್ಟಿತ್ತು ಅಂತ ಎಷ್ಟೋ ವರ್ಷದ ಮೇಲೆ ಹುಡುಕಿದೆ. ಸಿಕ್ಕಿದ್ದು ಪಿಯುಸಿಎಲ್ ಕರ್ನಾಟಕದ 2001ರ ವರದಿ. ಪಾರ್ಕಿನಲ್ಲಿ ಹಿಡಿಯೋದು, ಮನೆಗೆ ಹೇಳ್ತೀವಿ ಅಂತ ಹೆದರಿಸಿ ದುಡ್ಡು ಕೀಳೋದು, ಕೇಸೇ ಇಲ್ಲದೆ ಠಾಣೆಯಲ್ಲಿ ಕೂರಿಸೋದು, ಹೊಡೆಯೋದು ಎಲ್ಲ ಅದರಲ್ಲಿ ದಾಖಲಾಗಿದೆ. ಇದಕ್ಕೆಲ್ಲ ಬಲ ಕೊಟ್ಟಿದ್ದು ಬ್ರಿಟಿಷರ 1860ರ ದಂಡಸಂಹಿತೆಯ 377ನೇ ಸೆಕ್ಷನ್. ಕೇಸು ಹಾಕಲೇಬೇಕು ಅಂತಿರಲಿಲ್ಲ, ಹೆಸರು ಹೇಳಿದರೇ ಸಾಕಿತ್ತು. ಗೇ ಬೇರೆ, ಹಿಜ್ರಾ ಬೇರೆ. ಆದರೆ ಲಾಠಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ.

ಇದರ ವಿರುದ್ಧ ನಿಂತವರಲ್ಲಿ 1999ರಲ್ಲಿ ಶುರುವಾದ 'ಸಂಗಮ' ಮುಖ್ಯವಾದದ್ದು. 2004ರ ಜೂನ್‌ನಲ್ಲಿ ಗೂಂಡಾಗಳಿಂದ ಅತ್ಯಾಚಾರಕ್ಕೊಳಗಾದ ಹಿಜ್ರಾ ಒಬ್ಬರನ್ನು ಠಾಣೆಯಲ್ಲೂ ಹಿಂಸಿಸಿದರು ಎಂಬ ದೂರು ಬಂದಾಗ ಸಂಘಟನೆಗಳು ಬೀದಿಗಿಳಿದವು. 2008ರಲ್ಲಿ ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು.

ರಂಗಭೂಮಿಯೂ ಸುಮ್ಮನಿರಲಿಲ್ಲ. ಬೆಂಗಳೂರಿನ ಮಹೇಶ್ ದತ್ತಾನಿ 1999ರಲ್ಲೇ 'ಸೆವೆನ್ ಸ್ಟೆಪ್ಸ್ ಅರೌಂಡ್ ದ ಫೈರ್' ಎಂಬ ರೇಡಿಯೋ ನಾಟಕ ಬರೆದಿದ್ದರು. ಮಂತ್ರಿಯ ಮಗನನ್ನು ಗುಟ್ಟಾಗಿ ಮದುವೆಯಾದ ಹಿಜ್ರಾಳ ಕೊಲೆ ಆಗುತ್ತೆ. ಪೊಲೀಸರು ಹಿಡಿಯೋದು ಇನ್ನೊಬ್ಬ ಹಿಜ್ರಾಳನ್ನು, ಹಾಕೋದು ಗಂಡಸರ ಸೆಲ್ಲಿಗೆ. ಸತ್ಯ ಹುಡುಕುವವಳು ಪೊಲೀಸ್ ಅಧಿಕಾರಿಯ ಹೆಂಡತಿ!

ನನ್ನನ್ನು ಅಲ್ಲಾಡಿಸಿದ್ದು ಮಾತ್ರ 'ಬದುಕು ಬಯಲು'. ತಮಿಳುನಾಡಿನಲ್ಲಿ ಹುಟ್ಟಿ, ಮುಂದೆ 'ಸಂಗಮ'ದಲ್ಲಿ ದುಡಿದ ಎ. ರೇವತಿ ಅವರ ಆತ್ಮಕಥೆ ಅದು. ಕನ್ನಡಕ್ಕೆ ತಂದವರು ದು. ಸರಸ್ವತಿ, ರಂಗಕ್ಕೆ ತಂದವರು ಎಂ. ಗಣೇಶ್ ಮತ್ತು ಹೆಗ್ಗೋಡಿನ ಜನಮನದಾಟ ತಂಡ. ಮನೆಯವರ ಹೊಡೆತ, ಪೊಲೀಸರ ಹಿಂಸೆ ಎಲ್ಲ ಅದರಲ್ಲಿದೆ. ನೋಡ್ತಾ ನೋಡ್ತಾ ನನಗೆ ನಮ್ಮೂರ ಶಿಳ್ಳೆ ಕೇಳಿಸೋಕೆ ಶುರುವಾಯ್ತು.

ಎಲ್ಲ ಸರಿಹೋಯ್ತು ಅನ್ನೋ ಹಾಗಿರಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೇರಿಸಿ, ಅನುಮಾನ ಬಂದ ಹಿಜ್ರಾಗಳ ಹೆಸರು, ವಿಳಾಸದ ರಿಜಿಸ್ಟರ್ ಇಡೋ ಅಧಿಕಾರ ಕೊಟ್ಟರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲೂ ಇದ್ದದ್ದು ಇಂಥದ್ದೇ ರಿಜಿಸ್ಟರ್. ಸಮುದಾಯ ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಸಮುದಾಯವನ್ನು ಗುರಿ ಮಾಡಿದ್ದ ಆ ಪದ ತೆಗೆಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಅಂದಿತು.

ಅವತ್ತು ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ನಾನೂ ತಿಂದೆ. ಆದರೆ ಊರಿಗೆ ಫೋನ್ ಮಾಡಿ ಅವನು ಎಲ್ಲಿದ್ದಾನೆ ಅಂತ ಕೇಳೋ ಧೈರ್ಯ ಬರಲಿಲ್ಲ. ಅವನ ಅವ್ವ ಇನ್ನೂ ಇದ್ದಾರೆ. ಈ ಸಲದ ನಾಟಕಕ್ಕೆ ಚಂದಾ ಕೇಳಿದ್ದಾರೆ, ಕೊಡೋಕೆ ಹೋಗ್ತೀನಿ. ಮೊದಲು ಆ ಅವ್ವನ ಮನೆಗೆ ಹೋಗಬೇಕು. ನಾನೂ ಶಿಳ್ಳೆ ಹೊಡೆದಿದ್ದೆ ಅಂತ ಹೇಳಬೇಕು.