ಹೆಳವ

ಹಳಗನ್ನಡದ ‘ಪೆಳವ’ ನಡುಗನ್ನಡಕ್ಕೆ ಬರುವಾಗ ‘ಹೆಳವ’ ಆಯಿತು. ಅರ್ಥ, ಕಾಲಿನ ಬಲವಿಲ್ಲದವ. ಮನೆತನಗಳ ವಂಶಾವಳಿ ಹೇಳುವ ಸಮುದಾಯದ ಹೆಸರೂ ಇದೇ. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಊರಿಗೆ ಬರುತ್ತಿದ್ದರು. ಹಿರಿಯರ ಹೆಸರು ಒಂದೊಂದಾಗಿ ಒಪ್ಪಿಸಿ ಕಾಳು ಪಡೆಯುತ್ತಿದ್ದರು. ಸಾಂಗ್ಲಿ ಜಿಲ್ಲೆಯ ಮರಾಠಿಯಲ್ಲಿ ಅವರು ‘ಹೇಳವಿ’. ಕಾಲಿಲ್ಲದವನ ಆ ವೇಷ ನಗೆಗಾಗಿ ಇರಲಿಲ್ಲ, ಅವನು ಊರಿನ ನೆನಪಿನ ಒಡೆಯ. ನಮ್ಮ ಸಿನಿಮಾಗಳ ಎಷ್ಟೋ ಹಾಸ್ಯದೃಶ್ಯಗಳು ಈ ಗೌರವ ಕಳೆದುಕೊಂಡಿವೆ. ಶ್ರವಣದೋಷದವರ ಬದುಕನ್ನು ಘನತೆಯಿಂದ ತೋರಿಸಿದ 1964ರ ‘ನಾಂದಿ’ ಚಿತ್ರದ ಹಾದಿ ಹಿಡಿದವರು ಕಡಿಮೆ. ಅಂಗವಿಕಲರನ್ನು ಹೀಗಳೆಯುವ ಪದ, ಚಿತ್ರಣ ಸಲ್ಲದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ‘ಹೆಳವ’ ಸಮುದಾಯದ ಹೆಸರಾಗಿ ಉಳಿಯಲಿ; ಬೈಗುಳವಾಗಿ ಬಳಸಬೇಡಿ.