ವೇಣೂರಿನ ಗೊಮ್ಮಟ ಮತ್ತು 475 ವರ್ಷಗಳ ಭೂಕಂಪ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಪಾಯದ ಲೆಕ್ಕ

ಭಾರತೀಯ ಮಾನಕ ಬ್ಯೂರೋದ ಐಎಸ್ 1893 ಸಂಹಿತೆಯ 2016ರ ಆವೃತ್ತಿಯಲ್ಲಿ ಕರ್ನಾಟಕದ ಬಹುಪಾಲು ಒಳನಾಡು ಎರಡನೆಯ ಭೂಕಂಪ ವಲಯದಲ್ಲಿದ್ದರೆ, ಮಂಗಳೂರೂ ಸೇರಿದಂತೆ ದಕ್ಷಿಣ ಕನ್ನಡ ಮೂರನೆಯದರಲ್ಲಿದೆ. ವಿನ್ಯಾಸಕ್ಕೆ ಬಳಸುವ ವಲಯಾಂಕ ಅಲ್ಲಿ 0.10, ಇಲ್ಲಿ 0.16. ಬಿ.ಸಿ. ರೋಡಿನ ಬಹುಮಹಡಿ ಕಟ್ಟಡಕ್ಕೂ ಚಾರ್ಮಾಡಿ ಘಟ್ಟದ ಬುಡದ ಮುರಕಲ್ಲಿನ ಮನೆಗೂ ಒಂದೇ ಅಂಕ. ಆದರೂ ನಮ್ಮಲ್ಲಿ ಭೂಕಂಪದಿಂದ ಊರು ಹಾಳಾದದ್ದನ್ನು ಯಾರೂ ಕಂಡಿಲ್ಲ ಎಂಬ ಮಾತು ಜನರ ಮನಸ್ಸಿನಲ್ಲಿ ಸಂಹಿತೆಗಿಂತ ಗಟ್ಟಿಯಾಗಿದೆ. ಆ ಮಾತನ್ನು ತಳ್ಳಿಹಾಕದೆ ಒಂದು ದತ್ತಾಂಶವೆಂದೇ ಸ್ವೀಕರಿಸಿ ತೂಗಿ ನೋಡುವುದು ನ್ಯಾಯ. ಇಷ್ಟು ಕಾಲ ಏನೂ ಆಗಿಲ್ಲ ಎಂಬುದರಿಂದ ಮುಂದಿನ ಐವತ್ತು ವರ್ಷಗಳ ಬಗ್ಗೆ ಎಷ್ಟನ್ನು ಹೇಳಬಹುದು?

ಇದಕ್ಕೆ ಬೆಳ್ತಂಗಡಿ ತಾಲೂಕಿನಲ್ಲೇ ಒಳ್ಳೆಯ ಸಾಕ್ಷಿ ಇದೆ. ಫಲ್ಗುಣಿ ನದಿಯ ದಂಡೆಯ ವೇಣೂರಿನಲ್ಲಿ ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ 35 ಅಡಿಯ ಏಕಶಿಲಾ ಗೊಮ್ಮಟ ಇಂದಿಗೂ ನಿಂತಿದೆ. ಅಮೆರಿಕದ ಭೂಕಂಪ ವಿಜ್ಞಾನಿ ಜೇಮ್ಸ್ ಬ್ರೂನ್ ನೆವಾಡ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಅಸ್ಥಿರವಾಗಿ ನಿಂತ ಬಂಡೆಗಳನ್ನು ಇದೇ ರೀತಿ ಓದಿದರು. ಉರುಳಿಸಲು ಇಷ್ಟು ಅಲುಗಾಟ ಬೇಕು, ಬಂಡೆ ಇನ್ನೂ ಉರುಳಿಲ್ಲ, ಹಾಗಾದರೆ ಅಷ್ಟು ಅಲುಗಾಟ ಇಲ್ಲಿ ಆಗಿಲ್ಲ ಎಂಬುದು ಅವರ ತರ್ಕ. ಬುಡ ಕಿರಿದಾಗಿ ಎತ್ತರ ಹೆಚ್ಚಿದಷ್ಟೂ ಕಲ್ಲು ಉರುಳುವುದು ಸುಲಭ. ಹಾಗಾಗಿ ಎತ್ತರದ ಗೊಮ್ಮಟ ಒಂದು ಬಗೆಯ ಕಂಪನಮಾಪಕವೇ.

ಈಗ ಲೆಕ್ಕ. ಗೊಮ್ಮಟನನ್ನು ಉರುಳಿಸಬಲ್ಲ ಕಂಪನಗಳು ಪೊಯ್ಸಾನ್ ಕ್ರಮದಲ್ಲಿ, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಇಟ್ಟುಕೊಳ್ಳೋಣ. 420 ವರ್ಷಗಳಲ್ಲಿ ಒಂದೂ ಬಂದಿಲ್ಲವಾದರೆ, ಶೇಕಡ 95ರ ವಿಶ್ವಾಸದಿಂದ ಹೇಳಬಹುದಾದದ್ದು ಇಷ್ಟೇ: ಅಂಥ ಕಂಪನದ ಮರುಕಳಿಕೆ ಅವಧಿ 140 ವರ್ಷಕ್ಕಿಂತ ಹೆಚ್ಚು. ಯುರೋಪಿನದೂ ಸೇರಿ ಅನೇಕ ದೇಶಗಳ ಸಂಹಿತೆಗಳು ಕಟ್ಟಡ ವಿನ್ಯಾಸಕ್ಕೆ ಹಿಡಿಯುವುದು 475 ವರ್ಷಕ್ಕೊಮ್ಮೆಯ ಕಂಪನವನ್ನು. ಐವತ್ತು ವರ್ಷಗಳಲ್ಲಿ ಅದು ಎದುರಾಗುವ ಸಂಭವನೀಯತೆ ಶೇಕಡ 10. ಅಂಥ ಕಂಪನ ನಿಜವಾಗಿಯೂ ಈ ನೆಲಕ್ಕಿದ್ದರೂ ಅದು 420 ವರ್ಷ ಕಾಣಿಸಿಕೊಳ್ಳದೆ ಇರುವ ಸಾಧ್ಯತೆ ಶೇಕಡ 41. ನಾಲ್ಕು ಶತಮಾನಗಳ ಮೌನವೂ ನಮಗೆ ಭರವಸೆಯ ಪತ್ರ ಬರೆದುಕೊಡುವುದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಸೇರಿಸಿಕೊಂಡರೆ ಕಾಲ 1430ಕ್ಕೆ ಹಿಂದೆ ಸರಿದು ಸ್ವಲ್ಪ ಬಲ ಬರುತ್ತದೆ. ಆದರೆ ಎರಡರ ವರ್ಷಗಳನ್ನು ಕೂಡಿಸಿ ಸಾವಿರ ಎನ್ನುವಂತಿಲ್ಲ. ಒಂದೇ ಭೂಕಂಪ ಎರಡನ್ನೂ ಅಲುಗಿಸುವುದರಿಂದ ಅವು ಬೇರೆಬೇರೆ ಸಾಕ್ಷಿಗಳಲ್ಲ.

ಮೌನವನ್ನು ಸುರಕ್ಷತೆ ಎಂದು ಓದಿದ ನಕ್ಷೆಗೆ ಮಹಾರಾಷ್ಟ್ರದ ಕಿಲ್ಲಾರಿ ಉತ್ತರ ಕೊಟ್ಟಿತು. 1993ರ ಸೆಪ್ಟೆಂಬರ್ 30ರಂದು ಅಲ್ಲಿ 6.2 ಪರಿಮಾಣದ ಭೂಕಂಪಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತಾಗ, ಆ ಊರು ನಕ್ಷೆಯ ಅತಿ ಕಡಿಮೆ ಅಪಾಯದ ಮೊದಲ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ಕೈಬಿಟ್ಟರು.

ಪುಟ್ಟ ಕಂಪನಗಳನ್ನು ಎಣಿಸಿ ದೊಡ್ಡದನ್ನು ಅಂದಾಜಿಸುವುದು ಇನ್ನೊಂದು ದಾರಿ. ಗುಟೆನ್‌ಬರ್ಗ್ ಮತ್ತು ರಿಕ್ಟರ್ ಕಂಡ ನಿಯಮದಂತೆ ಪರಿಮಾಣ ಒಂದು ಅಂಕ ಏರಿದರೆ ಸಂಖ್ಯೆ ಸುಮಾರು ಹತ್ತನೆಯ ಒಂದಕ್ಕೆ ಇಳಿಯುತ್ತದೆ; ಆ ಇಳಿಜಾರಿನ ಹೆಸರು ‘ಬಿ’ ಮೌಲ್ಯ. ಸ್ಥಿರ ಪರ್ಯಾಯದ್ವೀಪದ ತೊಡಕು ಇರುವುದು ಇಲ್ಲಿಯೇ. ಗೌರಿಬಿದನೂರಿನ ಕಂಪನ ಕೇಂದ್ರ ಆರಂಭವಾದದ್ದು 1965ರಲ್ಲಿ. ಅದಕ್ಕೆ ಹಿಂದಿನದಕ್ಕೆ 1900ರ ಫೆಬ್ರವರಿ 8ರ ಕೊಯಮತ್ತೂರು ಭೂಕಂಪದಂತೆ ಜನ ಅನುಭವಿಸಿ ಬರೆದಿಟ್ಟ ವಿವರಗಳೇ ಮುಖ್ಯ ಆಧಾರ. ಒಂದು ಪ್ರದೇಶದ ಪಟ್ಟಿಯಲ್ಲಿ ನಂಬಬಹುದಾದ 25 ಕಂಪನಗಳಿವೆ ಎಂದುಕೊಳ್ಳಿ. ಬಿ ಮೌಲ್ಯ 1 ಎಂದು ಬಂದರೂ ಅದರ ಪ್ರಮಾಣ ದೋಷ 0.2. ನಾಲ್ಕರ ಪರಿಮಾಣದಿಂದ ಆರಕ್ಕೆ ಗೆರೆ ಎಳೆಯುವಾಗ ಈ ದೋಷ ಎರಡೂ ಕಡೆಗೆ ಎರಡೂವರೆ ಪಟ್ಟು ಹಿಗ್ಗುತ್ತದೆ. 500 ವರ್ಷಕ್ಕೊಮ್ಮೆ ಎಂದು ಬಂದ ಉತ್ತರ 200 ಆಗಿರಬಹುದು, 1250 ಕೂಡ ಆಗಿರಬಹುದು. ವ್ಯಾಪ್ತಿಯನ್ನು ಹೇಳದೆ ನಡುವಿನ ಒಂದೇ ಸಂಖ್ಯೆಯನ್ನು ಮುದ್ರಿಸುವ ವರದಿಗಳನ್ನು ನಾನು ದೋಷಪೂರ್ಣವೆಂದೇ ಪರಿಗಣಿಸುತ್ತೇನೆ.

ಪೊಯ್ಸಾನ್ ಊಹೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಇದೇ ಜಿಲ್ಲೆಯ ಸುಳ್ಯ ತಾಲೂಕು 2022ರಲ್ಲಿ ತೋರಿಸಿತು. ಜೂನ್ ಕೊನೆ, ಜುಲೈ ಮೊದಲಲ್ಲಿ ಕೊಡಗಿನ ಗಡಿಯ ಚೆಂಬು, ಸಂಪಾಜೆ ಸುತ್ತ ನೆಲ ಮತ್ತೆ ಮತ್ತೆ ಅಲುಗಿತು; ಜೂನ್ 28ರದು 3.0 ಪರಿಮಾಣದ್ದು. ಹೀಗೆ ಗುಂಪಾಗಿ ಬರುವ ಕಂಪನಗಳು ಒಂದನ್ನೊಂದು ಹುಟ್ಟಿಸುತ್ತವೆ. ಅವನ್ನು ಬಿಡಿಬಿಡಿ ಎಂದು ಎಣಿಸಿದರೆ ಅಪಾಯದ ಅಂದಾಜು ಕೆಡುತ್ತದೆ. ನಂತರದ ಕಂಪನಗಳು ದಿನ ಕಳೆದಂತೆ ಹೇಗೆ ಇಳಿಯುತ್ತವೆ ಎಂಬ ಓಮೊರಿಯ 1894ರ ನಿಯಮವನ್ನು ವಿಸ್ತರಿಸಿ ಜಪಾನಿನ ಒಗಾಟ 1988ರಲ್ಲಿ ಕಟ್ಟಿದ ಮಾದರಿ ಇಂಥ ಸರಣಿಗೆ ತಕ್ಕದ್ದು. ಅದು ಕೊಡುವುದು ಮುಂದಿನ ವಾರದ ಸಂಭವನೀಯತೆಯನ್ನು ಮಾತ್ರ, ದಿನಾಂಕವನ್ನಲ್ಲ. ದಿನಾಂಕಕ್ಕೆ ಆಸೆಪಟ್ಟವರ ಗತಿಗೆ ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ನಿದರ್ಶನ: 1993ರೊಳಗೆ ಎಂದು ಕಾದ ಭೂಕಂಪ 2004ರಲ್ಲಿ ಬಂತು.

ಅಪಾಯದ ದೊಡ್ಡ ಪಾಲು ನೆಲದಲ್ಲಿಲ್ಲ, ಗೋಡೆಯಲ್ಲಿದೆ ಎಂಬುದು ನನ್ನ ನಿಲುವು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ನೆಲಮಹಡಿಯನ್ನು ಪಾರ್ಕಿಂಗಿಗೆ ಖಾಲಿ ಬಿಟ್ಟು ಕಂಬಗಳ ಮೇಲೆ ಎಬ್ಬಿಸಿದ ಕಟ್ಟಡಗಳು ಕುಸಿದವು. ಅಹಮದಾಬಾದ್ ಕೂಡ ಮೂರನೆಯ ವಲಯವೇ. ಅದೇ ಮಾದರಿಯ ಕಟ್ಟಡಗಳು ಇಂದು ನಮ್ಮ ಪೇಟೆಗಳಲ್ಲಿ ಏಳುತ್ತಿವೆ. ಮಣ್ಣಿನ ಗಾರೆಯ ಹಳೆಯ ಮುರಕಲ್ಲಿನ ಗೋಡೆಗೆ, ಬಾಗಿಲು ಕಿಟಕಿಗಳ ಮೇಲೆ ನಾಲ್ಕೂ ಗೋಡೆಗಳನ್ನು ಸುತ್ತಿ ಹಿಡಿಯುವ ಕಾಂಕ್ರೀಟ್ ಪಟ್ಟಿ ಇದೆಯೇ ಇಲ್ಲವೇ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಬೆಳ್ತಂಗಡಿಗೆ ಇನ್ನೊಂದು ಅಂಶ ಸೇರುತ್ತದೆ. ಕಂಪನ ವರ್ಷದ ಯಾವ ದಿನವಾದರೂ ಬರಬಹುದಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬರುವ ಸಾಧ್ಯತೆ ಮೂರರಲ್ಲಿ ಒಂದು. 2019ರ ಆಗಸ್ಟ್‌ನಲ್ಲಿ ಮಳೆಗೇ ಜರಿದ ಚಾರ್ಮಾಡಿಯ ಗುಡ್ಡಗಳು ನೀರು ಕುಡಿದು ನಿಂತಿರುವ ತಿಂಗಳುಗಳವು. ಗುಡ್ಡ ಜರಿತ ಮತ್ತು ಕಂಪನಗಳನ್ನು ಎರಡು ಪ್ರತ್ಯೇಕ ನಕ್ಷೆಗಳಲ್ಲಿ ಇಡುವುದರಿಂದ ಈ ಕೂಡು ಸಂಭವನೀಯತೆ ಕಣ್ಣಿಗೆ ಬೀಳುವುದಿಲ್ಲ.

ಗೋಡೆಗಳ ಲೆಕ್ಕ ತೆಗೆಯುವುದು ಭೂಗರ್ಭದ ಲೆಕ್ಕಕ್ಕಿಂತ ಬಹಳ ಸುಲಭ. ಒಂದು ತಾಲೂಕಿನಲ್ಲಿ ಕಾಂಕ್ರೀಟ್ ಪಟ್ಟಿಯಿಲ್ಲದ ಮನೆಗಳ ಪಾಲನ್ನು ಶೇಕಡ 5ರ ಹೆಚ್ಚುಕಡಿಮೆಯೊಳಗೆ, ಶೇಕಡ 95ರ ವಿಶ್ವಾಸದಿಂದ ತಿಳಿಯಲು ಯಾದೃಚ್ಛಿಕವಾಗಿ ಆರಿಸಿದ 385 ಮನೆಗಳು ಸಾಕು. ಗ್ರಾಮಗಳನ್ನು ಮೊದಲು ಆರಿಸಿ ಅಲ್ಲಿಂದ ಮನೆ ಹೆಕ್ಕಿದರೆ ಅದರ ಎರಡರಷ್ಟು ಹಿಡಿಯಬೇಕಾದೀತು. ಮೂಡುಬಿದಿರೆಯ ಮಿಜಾರಿನಲ್ಲಿ, ಬೆಳ್ತಂಗಡಿಯ ಉಜಿರೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಸಿವಿಲ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಮಳೆ ಬಿಟ್ಟ ತಿಂಗಳುಗಳಲ್ಲಿ ಈ ಕೆಲಸ ಮುಗಿಸಬಲ್ಲರು. ಶಾಲೆ ಮತ್ತು ಅಂಗನವಾಡಿ ಕಟ್ಟಡಗಳನ್ನು ಮಾತ್ರ ಮಾದರಿಗೆ ಬಿಡದೆ ಒಂದೊಂದನ್ನೂ ನೋಡಬೇಕು.